‘ನಿಮ್ಮವರು’ ಅಂದಾಗ ಉತ್ತರ ಕೊಡುವವರು ಯಾರು?

(ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರ ಬದಲಿಸಿ ಬರೆದದ್ದು.)

ಮದುವೆಯಾಗಿ ಏಳು ವರ್ಷ. ಇಬ್ಬರ ಜನಾಂಗ ಬೇರೆ, ಮೈಬಣ್ಣವೂ ಬೇರೆ. ಐದು ವರ್ಷದ ಮಗಳಿದ್ದಾಳೆ. ‘ಸಣ್ಣ ಮಾತಿಗೂ ಜಗಳ’ ಅಂತ ಹೇಳಿಕೊಂಡು ಗಂಡ ಹೆಂಡತಿ ಸಲಹೆಗೆ ನನ್ನ ಹತ್ತಿರ ಬಂದರು. ಹೇಳಿದ ಹೊತ್ತಿಗೆ ಹೆಂಡತಿ ಬರಲ್ಲ ಅನ್ನೋದು ಗಂಡನ ದೂರು. ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನೋದು ಆಕೆಯ ದೂರು. ಎಲ್ಲ ಮನೆಯಲ್ಲೂ ಇರುವುದೇ, ಅಲ್ವಾ?

ಆದರೆ ಒಂದು ವಿಷಯ ಕಿವಿಗೆ ಬಿತ್ತು. ಮಾಮೂಲಿಯಾಗಿ ಒಬ್ಬರಿಗೊಬ್ಬರು ‘ನೀನು’. ಜಗಳ ಶುರುವಾದ ಕೂಡಲೇ ‘ನೀನು’ ಹೋಗಿ ‘ನೀವು’ ಬರುತ್ತಿತ್ತು. ಮರ್ಯಾದೆಗಲ್ಲ, ಬಹುವಚನಕ್ಕೆ. ‘ನಿಮ್ಮ ಜನಾನೇ ಇಷ್ಟು.’ ‘ನಿಮ್ಮವರಿಗೆ ಟೈಮ್ ಅಂದ್ರೆ ಏನು ಅಂತಾನೇ ಗೊತ್ತಿಲ್ಲ.’ ಸುಮ್ನೆ ಹಾಳೆಯ ಅಂಚಿನಲ್ಲಿ ಗೀಟು ಹಾಕುತ್ತಾ ಹೋದೆ. ನಲವತ್ತು ನಿಮಿಷಕ್ಕೆ ಇಪ್ಪತ್ತಮೂರು ಗೀಟು. ತೋರಿಸಿದೆ. ಇಬ್ಬರೂ ನಂಬಲಿಲ್ಲ.

ಅಲ್ಲೇ ನಾನು ತಪ್ಪು ಮಾಡಿದೆ. ‘ಇನ್ನು ಬಣ್ಣ, ಜನಾಂಗದ ಮಾತೇ ಬೇಡ’ ಅಂದುಬಿಟ್ಟೆ. ಗಂಡ ತಲೆಯಾಡಿಸಿದರು. ಹೆಂಡತಿ ಆಮೇಲೆ ಬಾಯಿಯೇ ಬಿಡಲಿಲ್ಲ.

ಮುಂದಿನ ವಾರ ಆಕೆ ಒಬ್ಬರೇ ಬರುತ್ತೇನೆ ಅಂದರು. ಗಂಡನ ಮನೆಯ ಸಮಾರಂಭವೊಂದರಲ್ಲಿ ಅವರ ಚಿಕ್ಕಮ್ಮ ಈಕೆಯ ಕೈ ಹಿಡಿದು ತಿರುಗಿಸಿ ನೋಡಿ, ‘ಸದ್ಯ, ಮಗುವಿಗೆ ನಿನ್ನ ಬಣ್ಣ ಬರಲಿಲ್ಲ’ ಅಂದಿದ್ದರಂತೆ. ಪಕ್ಕದಲ್ಲಿದ್ದ ಗಂಡ ನಕ್ಕರಂತೆ. ‘ಬಣ್ಣದ ಮಾತು ಬೇಡ ಅಂದ್ರಲ್ಲ, ಇದನ್ನ ಯಾವ ಮಾತಲ್ಲಿ ಹೇಳ್ಲಿ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಲಹೆ ವಾಪಸ್ ತಗೊಂಡೆ.

ಆ ನೋವನ್ನು ಆಕೆ ವರ್ಷಗಟ್ಟಲೆ ‘ನಿಮ್ಮವರಿಗೆ ಬಣ್ಣದ ಹುಚ್ಚು’ ಅಂತಲೇ ಹೇಳಿಕೊಂಡು ಬಂದಿದ್ದರು. ಹಾಗಂದಾಗಲೆಲ್ಲ ಗಂಡ ತಮ್ಮ ಇಡೀ ಬಳಗದ ವಕೀಲರಾಗಿ ನಿಲ್ಲುತ್ತಿದ್ದರು. ಮೂರನೆಯ ಭೇಟಿಯಲ್ಲಿ ಮಾತು ಬದಲಿಸಿ ಹೇಳಲು ಆಕೆಯನ್ನು ಕೇಳಿಕೊಂಡೆ: ‘ನಿಮ್ಮ ಚಿಕ್ಕಮ್ಮ ಹಾಗಂದ್ರು. ನೀನು ನಕ್ಕೆ.’ ಗಂಡ ತುಂಬ ಹೊತ್ತು ಮಾತಾಡಲಿಲ್ಲ. ಒಂದು ಜನಾಂಗದ ಪರವಾಗಿ ಯಾರು ತಾನೇ ಕ್ಷಮೆ ಕೇಳಬಲ್ಲರು? ನಕ್ಕಿದ್ದಕ್ಕೆ ಕೇಳಬಹುದು.

ಗಂಡ ಸುಲಭಕ್ಕೆ ಬಗ್ಗುವವರಲ್ಲ. ‘ಕೆಲವು ಗುಣ ರಕ್ತದಲ್ಲೇ ಬರುತ್ತೆ ಸಾರ್’ ಅಂದರು. ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲಿ ಮಾಡಿದ ಲೆಕ್ಕ ಹೇಳಿದೆ. ಮನುಷ್ಯರ ನಡುವಿನ ಅನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಜನಸಮೂಹದ ಒಳಗೇ ಸಿಗುತ್ತದೆ. ಜನಾಂಗ ಜನಾಂಗದ ನಡುವಿನದು 6 ಪಾಲಿನಷ್ಟು ಮಾತ್ರ. ಕೇಳಿಸಿಕೊಂಡರು, ಒಪ್ಪಿದ ಹಾಗೆ ಕಾಣಲಿಲ್ಲ. ‘ನಿಮ್ಮವರು ಅನ್ನೋದು ಬರೀ ಮಾತು ತಾನೇ’ ಅಂದರು. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಟುಟ್ಸಿ ಜನರ ನರಮೇಧ ನಡೆದಾಗ ಅಲ್ಲಿನ ರೇಡಿಯೋ ಅವರನ್ನು ಜಿರಳೆ ಎಂದು ಕರೆದದ್ದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಮನೆ ಜಗಳಕ್ಕೆ ನರಮೇಧದ ಉದಾಹರಣೆ ತಂದರೆ ಎದುರಿಗಿದ್ದವರು ಕಿವಿ ಮುಚ್ಚಿಕೊಳ್ಳುತ್ತಾರೆ.

ಅವರನ್ನು ಅಲುಗಾಡಿಸಿದ್ದು ಮಗಳು. ಆಟವಾಡುತ್ತಾ ಗೊಂಬೆಗೆ ಹೇಳುತ್ತಿದ್ದಳಂತೆ: ‘ಅಪ್ಪನ ಜನ ಸಿಟ್ಟಿನವರು. ಅಮ್ಮನ ಜನ ಲೇಟು. ನಾನು ಎರಡೂ.’ ಹೆಂಡತಿ ನಗುತ್ತಲೇ ಇದನ್ನು ಹೇಳಿದರು, ಆಮೇಲೆ ಅತ್ತರು.

ಆಗ 2012ರ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಅಮೆರಿಕದ ಸಂಶೋಧಕರು ನಾಲ್ಕು ವರ್ಷದ ಮಕ್ಕಳಿಗೆ ‘ಜಾರ್ಪಿ’ ಎಂಬ ಕಲ್ಪಿತ ಜನರ ಚಿತ್ರಪುಸ್ತಕ ತೋರಿಸಿದರು. ಕೆಲವರಿಗೆ ‘ಈ ಜಾರ್ಪಿಗೆ ಹುಳ ಕಂಡ್ರೆ ಭಯ’ ಅನ್ನುವ ಥರ ಓದಿದರು. ಇನ್ನು ಕೆಲವರಿಗೆ ‘ಜಾರ್ಪಿಗಳಿಗೆ ಹುಳ ಕಂಡ್ರೆ ಭಯ’ ಅಂತ. ಎರಡನೆಯದನ್ನು ಕೇಳಿದ ಮಕ್ಕಳೇ, ಈ ಗುಣ ಜಾರ್ಪಿಗಳಿಗೆ ಹುಟ್ಟಿನಿಂದ ಬಂದದ್ದು ಅಂತ ಜಾಸ್ತಿ ನಂಬಿದರು. ಬೈಗುಳವೇ ಬೇಕಿರಲಿಲ್ಲ, ‘-ಗಳು’ ಒಂದೇ ಸಾಕಾಯಿತು.

ಕೊಟ್ಟ ಸಲಹೆ ಇಷ್ಟೇ. ಬಾಯಿಗೆ ‘ನಿಮ್ಮವರು’ ಬಂದರೆ ನಿಲ್ಲಿಸಿ. ಯಾರು, ಯಾವತ್ತು, ಏನು ಮಾಡಿದರು ಅಂತ ಹೇಳಿ. ಬಣ್ಣದ ಕಾರಣಕ್ಕೆ ಅವಮಾನವಾದರೆ ಅದನ್ನೂ ಹಾಗೇ ಹೇಳಿ, ಮುಚ್ಚಿಡಬೇಡಿ. ‘ನೀನು ನಿಮ್ಮವರ ಥರ ಅಲ್ಲ ಬಿಡು’ ಅನ್ನೋ ಹೊಗಳಿಕೆಯೂ ಬೇಡ. ಇದೇ ಅವರಿಗೆ ಕಷ್ಟವಾಯಿತು. ಅದರಲ್ಲೇನು ತಪ್ಪು ಅಂತ ಗಂಡ ಈಗಲೂ ಕೇಳುತ್ತಾರೆ.

ಐದನೆಯ ಭೇಟಿಗೆ ಗಂಡ ಮೊದಲೇ ಬಂದು ಕೂತಿದ್ದರು. ಆಕೆ ಆಮೇಲೆ ಏದುಸಿರು ಬಿಡುತ್ತಾ ಬಂದರು. ಗಂಡ ‘ನಿಮ್ಮ...’ ಅಂತ ಶುರುಮಾಡಿ ತಡೆದರು. ‘ನಾಲ್ಕಕ್ಕೆ ಬರ್ತೀನಿ ಅಂದಿದ್ದೆ ನೀನು.’ ಆಕೆ ಗಡಿಯಾರ ನೋಡಿದರು.

‘ಇಪ್ಪತ್ತೈದು ನಿಮಿಷ. ಸಾರಿ ಕಣೋ.’