ಸರಪಳಿ ಕ್ರಿಯೆಗೆ ಕಡಿವಾಣ ಹಾಕುವ ತಡವಾದ ನ್ಯೂಟ್ರಾನ್‌ಗಳು

ವಿದಳನದ (ನ್ಯೂಟ್ರಾನ್ ಬಡಿದು ಯುರೇನಿಯಂ ಪರಮಾಣುವಿನ ಬೀಜ ಒಡೆಯುವುದರ) ಒಂದು ಸುತ್ತು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಮುಗಿಯುವುದಾದರೆ, ಒಳಗಿಳಿಯಲು ಸೆಕೆಂಡುಗಳನ್ನೇ ತೆಗೆದುಕೊಳ್ಳುವ ನ್ಯೂಟ್ರಾನ್ ಹೀರುವ ಸಲಾಕೆಗಳು ಕೈಗಾದ ಅಣುವಿದ್ಯುತ್ ರಿಯಾಕ್ಟರನ್ನು ಹೇಗೆ ಹತೋಟಿಯಲ್ಲಿಡುತ್ತವೆ ಎಂದು ನೀವು ಕೇಳಿದ್ದೀರಿ. ಕಾರವಾರದಲ್ಲಿ ಭೌತಶಾಸ್ತ್ರ ಕಲಿಸುವ ನಾನು ಈ ಪ್ರಶ್ನೆಯನ್ನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಒಂದು ವಿದಳನದ ನ್ಯೂಟ್ರಾನ್‌ಗಳು ಮುಂದಿನ ವಿದಳನ ನಡೆಸುವ ಸರಪಳಿ ಕ್ರಿಯೆಯ ಪಠ್ಯಪುಸ್ತಕದ ಚಿತ್ರ ಇದಕ್ಕೆ ಉತ್ತರ ಕೊಡುವುದಿಲ್ಲ.

ನಿಮ್ಮ ಲೆಕ್ಕ ಸರಿಯಾಗಿದೆ. ಕೈಗಾದಂಥ ಭಾರಜಲದ (ಭಾರವಾದ ಹೈಡ್ರೋಜನ್ ಇರುವ ನೀರಿನ) ರಿಯಾಕ್ಟರಿನಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಅಷ್ಟೇ ಕಾಲ ಬೇಕು. ಪ್ರತಿ ಸುತ್ತಿನಲ್ಲಿ ನ್ಯೂಟ್ರಾನ್‌ಗಳು ಸಾವಿರಕ್ಕೆ ಒಂದರಂತೆ ಹೆಚ್ಚಿದರೂ ಸಾಕು, ಶಕ್ತಿ ಒಂದು ಸೆಕೆಂಡಿನಲ್ಲಿ 2.7 ಪಟ್ಟಾಗಿ, ಹತ್ತು ಸೆಕೆಂಡಿನಲ್ಲಿ ಇಪ್ಪತ್ತು ಸಾವಿರ ಪಟ್ಟನ್ನು ಮೀರಬೇಕು. ಹಾಗಾಗದಿರುವುದಕ್ಕೆ ಕಾರಣ, ಎಲ್ಲ ನ್ಯೂಟ್ರಾನ್‌ಗಳೂ ಒಟ್ಟಿಗೆ ಹೊರಬರುವುದಿಲ್ಲ.

ಯುರೇನಿಯಂ-235 ಒಡೆದಾಗ ಸರಾಸರಿ 2.4 ನ್ಯೂಟ್ರಾನ್‌ಗಳು ಹೊರಬೀಳುತ್ತವೆ. ಅವುಗಳಲ್ಲಿ ಸಾವಿರಕ್ಕೆ ಆರೇಳು ಮಾತ್ರ ಒಡೆದ ಕ್ಷಣದಲ್ಲಿ ಬಾರದೆ, ಒಡೆದು ಉಳಿದ ಚೂರುಗಳು ವಿಕಿರಣ ಸೂಸಿ ಬದಲಾಗುವ ವಿಕಿರಣ ಕ್ಷಯದ ನಂತರ ಬರುತ್ತವೆ. ಬ್ರೋಮಿನ್-87 ಎಂಬ ಚೂರಿನ ಅರ್ಧಾಯುಷ್ಯವೇ (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ಸುಮಾರು 55 ಸೆಕೆಂಡು. ಈ ಚಿಕ್ಕ ಪಾಲು ಸೇರಿದರೆ ಮಾತ್ರ ಕ್ರಿಯೆ ಮುಂದುವರಿಯುವಂತೆ ರಿಯಾಕ್ಟರನ್ನು ನಡೆಸಲಾಗುತ್ತದೆ. ಆಗ ಇಡೀ ಕ್ರಿಯೆ ಆ ತಡವಾದ ನ್ಯೂಟ್ರಾನ್‌ಗಳಿಗಾಗಿ ಕಾಯಬೇಕಾಗುತ್ತದೆ, ಮೇಲೆ ಹೇಳಿದ 2.7 ಪಟ್ಟು ಏರಿಕೆಗೆ ಸುಮಾರು ಒಂದು ನಿಮಿಷ ಹಿಡಿಯುತ್ತದೆ, ಯಂತ್ರಕ್ಕೆ ಅಷ್ಟು ಸಮಯ ಧಾರಾಳವಾಗಿ ಸಾಕು. ನಿಸರ್ಗದ ಈ ಔದಾರ್ಯವಿಲ್ಲದಿದ್ದರೆ ಅಣುವಿದ್ಯುತ್ತೇ ಇರುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ಬಾಂಬಿನ ಮಾತು ಬೇರೆ. ಅಲ್ಲಿ ಎಲ್ಲವೂ ವೇಗದ ನ್ಯೂಟ್ರಾನ್‌ಗಳಿಂದ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೈಗಾದಲ್ಲಿ ಬಳಸುವ ನೈಸರ್ಗಿಕ ಯುರೇನಿಯಂನಲ್ಲಿ 235ರ ಪಾಲು ಕೇವಲ ಶೇ. 0.7 ಇರುವುದರಿಂದ, ಭಾರಜಲವು ನ್ಯೂಟ್ರಾನ್‌ಗಳ ವೇಗವನ್ನು ತಗ್ಗಿಸದಿದ್ದರೆ ಸರಪಳಿಯೇ ಮುಂದುವರಿಯುವುದಿಲ್ಲ.

ಆದರೆ ಹತೋಟಿಗೆ ನೆರವಾಗುವ ಚೂರುಗಳ ಗುಂಪಿನಲ್ಲೇ ಅಪಾಯವೂ ಇದೆ, ಕೈಗಾದ ಬಗ್ಗೆ ಚಿಂತಿಸುವವರು ಗಮನಿಸಬೇಕಾದದ್ದು ಇದನ್ನು. ಸಲಾಕೆಗಳು ಇಳಿದು ವಿದಳನ ನಿಂತರೂ ಈ ಚೂರುಗಳ ಕ್ಷಯ ನಿಲ್ಲುವುದಿಲ್ಲ. 220 ಮೆಗಾವಾಟ್ ವಿದ್ಯುತ್ತಿನ ಒಂದು ಘಟಕದ ಒಳಗೆ 700 ಮೆಗಾವಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ನಿಲ್ಲಿಸಿದ ಕ್ಷಣದಲ್ಲಿ ಅದರ ಶೇ. 6ರಷ್ಟು, ಎಂದರೆ 40 ಮೆಗಾವಾಟಿಗಿಂತ ಹೆಚ್ಚು, ಉಳಿದೇ ಇರುತ್ತದೆ. ಒಂದು ದಿನದ ನಂತರ ಅದು ಶೇ. 0.5ರಷ್ಟಕ್ಕೆ ಇಳಿಯುತ್ತದಾದರೂ, ಅಲ್ಲಿಯವರೆಗೂ ಅದರ ನಂತರವೂ ತಂಪುಗೊಳಿಸುವ ನೀರು ಹರಿಯುತ್ತಲೇ ಇರಬೇಕು. 2011ರಲ್ಲಿ ಫುಕುಶಿಮಾದ ರಿಯಾಕ್ಟರುಗಳಲ್ಲಿ ಸರಪಳಿ ಕ್ರಿಯೆ ಭೂಕಂಪವಾದೊಡನೆ ನಿಂತಿತ್ತು. ಸುನಾಮಿ ಬಂದು ಪಂಪುಗಳಿಗೆ ವಿದ್ಯುತ್ ಇಲ್ಲವಾದ ಮೇಲೆ ಇಂಧನ ಕರಗಿದ್ದು ಈ ಉಳಿಕೆ ಶಾಖದಿಂದ.