ಲೈಟ್ ಉರಿದ ಮಾತ್ರಕ್ಕೆ ಬ್ಯಾಕಪ್ ಆದಂತಲ್ಲ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ರಾಗ: "ಸರ್, ಬ್ಯಾಕಪ್ ಆಗ್ತಾ ಇಲ್ಲ, ಏನ್ ಮಾಡೋದು?" ಯಾವ ವಿಂಡೋಸ್, ಎಲ್ಲಿಗೆ ಬ್ಯಾಕಪ್, ಪರದೆ ಮೇಲೆ ಏನು ಮೆಸೇಜ್ ಬಂತು, ಒಂದೂ ಬರೆದಿರುವುದಿಲ್ಲ. ನಾನು ಕಂಪ್ಯೂಟರ್ ರಿಪೇರಿಯವನು, ಕವಡೆ ಹಾಕಿ ಹೇಳುವವನಲ್ಲ. ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದಾರೆ. ಹಾಗಾಗಿ ಇವತ್ತಿನ ಜಾಗವೆಲ್ಲ ಹೆಚ್ಚುಕಡಿಮೆ ಅವರದೇ.

ಪ್ರಶ್ನೆ: ನಮ್ಮದು ವಿಂಡೋಸ್ 11 ಇರುವ ಡೆಸ್ಕ್‌ಟಾಪ್. ಮಗಳು ಊರಿಗೆ ಬಂದಾಗ 1 ಟಿಬಿ ಪೋರ್ಟಬಲ್ ಹಾರ್ಡ್ ಡಿಸ್ಕ್ ಜೋಡಿಸಿ, ವಿಂಡೋಸ್‌ನಲ್ಲೇ ಇರುವ ಬ್ಯಾಕಪ್ ಸೌಲಭ್ಯ 'ಫೈಲ್ ಹಿಸ್ಟರಿ' ಆನ್ ಮಾಡಿ ಹೋಗಿದ್ದಳು. ಡಿಸ್ಕಿನ ಲೈಟ್ ಸದಾ ಉರಿಯುತ್ತಿರುತ್ತದೆ. ಮೊನ್ನೆ ಒಂದು ಫೈಲ್ ಅಳಿಸಿಹೋಯಿತೆಂದು ಅದರಲ್ಲಿ ಹುಡುಕಿದೆ. ಡಾಕ್ಯುಮೆಂಟ್ಸ್ ಫೈಲುಗಳಿವೆ, ಆದರೆ ದಸರಾದಿಂದ ಈಚಿನದು ಒಂದೂ ಇಲ್ಲ. ಡಿ ಡ್ರೈವಿನಲ್ಲಿರುವ ಮೊಮ್ಮಗಳ ನಾಮಕರಣದ ಫೋಟೋಗಳಂತೂ ಅಲ್ಲಿಗೆ ಹೋಗಿಯೇ ಇಲ್ಲ. ಆಯುಧಪೂಜೆಗೆ ವೈರುಗಳನ್ನೆಲ್ಲ ಬಿಚ್ಚಿ ಒರೆಸಿ, ಡಿಸ್ಕನ್ನು ಯುಎಸ್‌ಬಿ ಹಬ್‌ಗೆ ಹಾಕಿದ್ದೆ. ಅಂಗಡಿಯವರು ರಿಜಿಸ್ಟ್ರಿ ಕ್ಲೀನರ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಿಸಲೇ?

ಬೇಡ. ರಿಜಿಸ್ಟ್ರಿ ಕ್ಲೀನರ್ ಎಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿಯನ್ನು ಗುಡಿಸುವ ಸಾಫ್ಟ್‌ವೇರ್, ಅದಕ್ಕೂ ನಿಮ್ಮ ತೊಂದರೆಗೂ ಯಾವ ಸಂಬಂಧವೂ ಇಲ್ಲ. ಇಂಥ ಕ್ಲೀನರ್‌ಗಳನ್ನು ಬಳಸಬೇಡಿ ಎಂದು ಮೈಕ್ರೋಸಾಫ್ಟ್‌ನವರೇ ಹೇಳುತ್ತಾರೆ. ಯಾವ ಕಾಯಿಲೆಗೂ ಅದೇ ಗುಳಿಗೆ ಬರೆದುಕೊಡುವ ಅಂಗಡಿಗೆ ಕಂಪ್ಯೂಟರ್ ಹೊತ್ತುಕೊಂಡು ಹೋಗುವುದನ್ನೇ ನಿಲ್ಲಿಸಿ.

ಮೊದಲು ಒಂದು ಕೆಲಸ. ಆ ಫೋಟೋಗಳು ಡಿ ಡ್ರೈವಿನಲ್ಲಿ ಇನ್ನೂ ಇವೆಯಲ್ಲ, ಬೇರೊಂದು ಡಿಸ್ಕಿಗೋ ಪೆನ್‌ಡ್ರೈವಿಗೋ ಈಗಲೇ ಕಾಪಿ ಮಾಡಿ. ಆಮೇಲೆ ಮುಂದೆ ಓದಿ.

ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ. ಫೋಟೋಗಳದು ತಾಂತ್ರಿಕ ದೋಷವೇ ಅಲ್ಲ. ನಮ್ಮಲ್ಲಿ ಕಂಪ್ಯೂಟರ್ ಜೋಡಿಸಿಕೊಡುವವರು ಒಂದೇ ಡಿಸ್ಕನ್ನು ಸಿ, ಡಿ, ಇ ಎಂದು ಸೀಳಿ, "ಸಿ ಅಲ್ಲಿ ಏನೂ ಇಡ್ಬೇಡಿ ಸಾರ್, ಫಾರ್ಮ್ಯಾಟ್ ಮಾಡಿದ್ರೆ ಹೋಗುತ್ತೆ" ಎಂದು ಉಪದೇಶ ಮಾಡಿ ಕಳಿಸುತ್ತಾರೆ. ನಾವು ಭಕ್ತಿಯಿಂದ ಎಲ್ಲವನ್ನೂ ಡಿ ಅಲ್ಲಿ ಇಡುತ್ತೇವೆ. ಫೈಲ್ ಹಿಸ್ಟರಿ ನೋಡುವುದು ಡೆಸ್ಕ್‌ಟಾಪ್, ಕಾಂಟ್ಯಾಕ್ಟ್ಸ್, ಫೇವರಿಟ್ಸ್ ಮತ್ತು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಮ್ಯೂಸಿಕ್, ವಿಡಿಯೋಸ್‌ನಂಥ ಲೈಬ್ರರಿಗಳನ್ನು ಮಾತ್ರ. ಡಿ ಡ್ರೈವಿನ ಫೋಲ್ಡರ್ ತಾನಾಗಿ ಇದರಲ್ಲಿ ಸೇರುವುದಿಲ್ಲ, ಸೇರಿಲ್ಲವೆಂದು ಯಾರೂ ನಿಮಗೆ ಹೇಳುವುದೂ ಇಲ್ಲ. ವಿಂಡೋಸ್ 10ರಲ್ಲಿ ಫೋಲ್ಡರ್ ಸೇರಿಸಲು ಸೆಟ್ಟಿಂಗ್ಸ್‌ನಲ್ಲೇ ಜಾಗವಿತ್ತು. 11ರಲ್ಲಿ ಅದನ್ನು ತೆಗೆದುಹಾಕಿದ್ದಾರೆ, ಫೈಲ್ ಹಿಸ್ಟರಿ ಈಗ ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಮೂಲೆಯಲ್ಲಿದೆ. ಹಾಗಾಗಿ ಸುತ್ತುದಾರಿ: ಫೋಟೋ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಶೋ ಮೋರ್ ಆಪ್ಷನ್ಸ್' ಒತ್ತಿ, 'ಇನ್‌ಕ್ಲೂಡ್ ಇನ್ ಲೈಬ್ರರಿ'ಯಲ್ಲಿ ಪಿಕ್ಚರ್ಸ್ ಆರಿಸಿ. ಫೋಟೋಗಳು ಇದ್ದಲ್ಲೇ ಇರುತ್ತವೆ, ಬ್ಯಾಕಪ್‌ನ ಲೆಕ್ಕಕ್ಕೆ ಮಾತ್ರ ಬರುತ್ತವೆ. ಅಂದಹಾಗೆ, ಸಿ ಯಿಂದ ಡಿ ಗೆ ಕಾಪಿ ಮಾಡಿ ನಿಶ್ಚಿಂತೆಯಾಗಿರುವವರಿಗೆ ಒಂದು ಮಾತು: ಒಂದೇ ಡಿಸ್ಕನ್ನು ಸೀಳಿದ್ದಾದರೆ, ಅದು ಸತ್ತ ದಿನ ಎರಡೂ ಒಟ್ಟಿಗೇ ಹೋಗುತ್ತವೆ.

ಇನ್ನು ದಸರಾ ವಿಷಯ. ನನ್ನ ಅನುಮಾನವೆಲ್ಲ ಆ ಹಬ್ ಮೇಲೆ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಆದರೆ 900. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಆ ಅಷ್ಟನ್ನೇ ಮೌಸ್, ಕೀಬೋರ್ಡ್, ಪ್ರಿಂಟರ್ ಎಲ್ಲಕ್ಕೂ ಹಂಚಬೇಕು. ಲೈಟ್ ಉರಿಯಲು ಚಿಟಿಕೆ ಕರೆಂಟ್ ಸಾಕು, ಒಳಗಿನ ತಟ್ಟೆ ತಿರುಗಲು ಸಾಲದು. ಡಿಸ್ಕ್ ಕಾಣಿಸಿಕೊಳ್ಳುತ್ತದೆ, ಬರೆಯಲು ಹೋದಾಗ ಮಾಯವಾಗುತ್ತದೆ. ಹಬ್‌ನಿಂದ ಕಿತ್ತು, ಕ್ಯಾಬಿನೆಟ್‌ನ ಹಿಂಬದಿಯ ಪೋರ್ಟಿಗೆ ನೇರವಾಗಿ ಹಾಕಿ. ನೀಲಿ ಬಣ್ಣದ್ದಿದ್ದರೆ (ಅದು ಸಾಮಾನ್ಯವಾಗಿ 3.0) ಅದಕ್ಕೇ ಹಾಕಿ.

ಹಾಕಿದ ಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೈಲ್ ಹಿಸ್ಟರಿ ತೆರೆಯಿರಿ. 'ಆನ್' ಎಂದು ಬರೆದಿದೆಯೇ ಅಂತ ಎಲ್ಲರೂ ನೋಡುತ್ತಾರೆ, ಅದರ ಕೆಳಗಿರುವ ತಾರೀಖನ್ನು ಯಾರೂ ನೋಡುವುದಿಲ್ಲ. ಕೊನೆಯ ಸಲ ಕಾಪಿ ಆದದ್ದು ಯಾವಾಗ ಎಂದು ಅಲ್ಲಿ ಇರುತ್ತದೆ. ಮಾಮೂಲಿಯಾಗಿ ಗಂಟೆಗೊಮ್ಮೆ ಆಗಬೇಕು. 'ರನ್ ನೌ' ಒತ್ತಿ, ತಾರೀಖು ಬದಲಾಗುವವರೆಗೆ ಕಾಯಿರಿ. ಬದಲಾಗದಿದ್ದರೆ ಡಿಸ್ಕ್ ತುಂಬಿದೆಯೇ ನೋಡಿ. ಹಳೆಯ ಪ್ರತಿಗಳನ್ನು 'ಫಾರೆವರ್' ಇಟ್ಟುಕೊಳ್ಳುವುದು ಇದರ ಹುಟ್ಟುಗುಣ, ತುಂಬಿದ ಮೇಲೆ ಹೊಸದಕ್ಕೆ ಜಾಗ ಎಲ್ಲಿಂದ ಬರಬೇಕು? 'ಅಡ್ವಾನ್ಸ್ಡ್ ಸೆಟ್ಟಿಂಗ್ಸ್'ಗೆ ಹೋಗಿ 'ಅಂಟಿಲ್ ಸ್ಪೇಸ್ ಈಸ್ ನೀಡೆಡ್' ಮಾಡಿ.

ಅದೇ ಪುಟದ ಕೆಳಗೆ ಎವೆಂಟ್ ಲಾಗ್ ತೆರೆಯುವ ಕೊಂಡಿ ಇದೆ, ಯಾವ ಫೈಲ್ ಯಾಕೆ ಹೋಗಲಿಲ್ಲ ಎಂದು ಅಲ್ಲಿ ಸಿಗುತ್ತದೆ. ಕನ್ನಡದಲ್ಲಿ ಉದ್ದುದ್ದ ಹೆಸರಿಡುವವರು ಇದನ್ನು ನೋಡಲೇಬೇಕು. ಫೋಲ್ಡರ್‌ಗಳೂ ಸೇರಿ ಹೆಸರಿನ ಪೂರ್ತಿ ಉದ್ದ 260 ಅಕ್ಷರಗಳ ಮಿತಿ ದಾಟಿದರೆ ಫೈಲ್ ಹಿಸ್ಟರಿ ಆ ಫೈಲನ್ನು ಬಿಟ್ಟುಬಿಡುತ್ತದೆ. ಕಂಪ್ಯೂಟರಿನ ಲೆಕ್ಕದಲ್ಲಿ 'ಸ್ತ್ರೀ' ಒಂದಲ್ಲ, ಆರು. ಜೊತೆಗೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಅದು ತಾರೀಖು, ಸಮಯ ಅಂಟಿಸುತ್ತದೆ, ಅದಕ್ಕೇ 26 ಹೋಯಿತು. 'ನಮ್ಮ ಮನೆಯ ಶ್ರೀ ಸತ್ಯನಾರಾಯಣ ಪೂಜೆಯ ಎಲ್ಲ ಫೋಟೋಗಳು' ಎಂಬ ಫೋಲ್ಡರೊಳಗೆ ಅಂಥದ್ದೇ ಇನ್ನೂ ಮೂರು ಫೋಲ್ಡರ್ ಮಾಡಿಕೊಂಡರೆ ಇದೇ ಗತಿ. ಆ ಅಂಟಿಸಿದ ಸಮಯ ಯುಟಿಸಿ ಎಂಬ ಜಾಗತಿಕ ಗಡಿಯಾರದ್ದು, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅದನ್ನು ನೋಡಿ ತಪ್ಪು ಫೈಲ್ ಎಂದು ಪತ್ರ ಬರೆಯಬೇಡಿ.

ಕೊನೆಯದಾಗಿ, ವಾಪಸ್ ತೆಗೆದು ನೋಡಿ. ಇಷ್ಟು ಕಾಲ ನೀವು ಇದನ್ನೇ ಮಾಡಿಲ್ಲ, ಮಾಡಿದ್ದರೆ ದೀಪಾವಳಿ ಹೊತ್ತಿಗೇ ಗೊತ್ತಾಗುತ್ತಿತ್ತು. 'ರಿಸ್ಟೋರ್ ಪರ್ಸನಲ್ ಫೈಲ್ಸ್' ತೆರೆದು, ಕಳೆದ ವಾರದ ಎರಡು ಮೂರು ಫೈಲ್ ಆರಿಸಿ, ಹಸಿರು ಗುಂಡಿಯನ್ನು ಹಾಗೇ ಒತ್ತದೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ರಿಸ್ಟೋರ್ ಟು' ಎಂದು ಬೇರೆ ಫೋಲ್ಡರ್‌ಗೆ ತೆಗೆಯಿರಿ. ಹಾಗೇ ಒತ್ತಿದರೆ ಅದು ಮೂಲ ಜಾಗಕ್ಕೇ ಹೋಗುತ್ತದೆ. ಅಲ್ಲಿ ಈಗಿನ ಫೈಲ್ ಇದ್ದರೆ ಬದಲಿಸಲೇ ಎಂದು ಕೇಳುತ್ತದೆ, ಅವಸರದಲ್ಲಿ 'ರಿಪ್ಲೇಸ್' ಒತ್ತುವವರೇ ಜಾಸ್ತಿ. ತೆಗೆದ ಫೈಲನ್ನು ತೆರೆದು ಓದಿ. ತಿಂಗಳಿಗೊಮ್ಮೆ, ಸಂಬಳ ಬಂದ ದಿನವೋ ಪೆನ್ಷನ್ ಬಂದ ದಿನವೋ ಮಾಡಿ.

ಮೇಷ್ಟ್ರೇ, ನೀವು ನುಡಿಯಲ್ಲಿ ಟೈಪ್ ಮಾಡುವವರಾದರೆ ಇನ್ನೊಂದು ವಿಷಯ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫೈಲುಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ವಿಂಡೋಸ್‌ನ ಫಾಂಟ್ ಫೋಲ್ಡರನ್ನು ಫೈಲ್ ಹಿಸ್ಟರಿ ಮುಟ್ಟುವುದಿಲ್ಲ. ನುಡಿಯ ಸೆಟಪ್ ಫೈಲನ್ನು ಡಾಕ್ಯುಮೆಂಟ್ಸ್‌ನಲ್ಲೇ ಒಂದು ಕಡೆ ಇಟ್ಟುಕೊಳ್ಳಿ.

ಪ್ರಶ್ನೆ: ಬ್ಯಾಕಪ್ ಡಿಸ್ಕನ್ನು ಸದಾ ಚುಚ್ಚಿಯೇ ಇಡಬಹುದೇ?

ತಾನಾಗಿ ಬ್ಯಾಕಪ್ ಆಗಬೇಕಾದರೆ ಚುಚ್ಚಿರಲೇಬೇಕು. ಆದರೆ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಕುತಂತ್ರಾಂಶ) ನುಗ್ಗಿದರೆ ಚುಚ್ಚಿರುವ ಡಿಸ್ಕನ್ನೂ ಬಿಡುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಮಾಡಿದ್ದು ದೊಡ್ಡ ಸುದ್ದಿಯಾಯಿತು. ಮನೆ ಕಂಪ್ಯೂಟರ್‌ಗಳನ್ನು ಹಾಳುಮಾಡಿದ ಸ್ಟಾಪ್ ಡಿಜೆವಿಯು ಥರದವು ಹೆಚ್ಚಾಗಿ ಬಂದದ್ದು ಕ್ರ್ಯಾಕ್ ಸಾಫ್ಟ್‌ವೇರ್ ಜೊತೆ. ದುಡ್ಡು ಉಳಿಸಲು ಕ್ರ್ಯಾಕ್ ಹಾಕಿಸಿಕೊಂಡು, ಆಮೇಲೆ ಫೈಲ್ ಬಿಡಿಸಿಕೊಡಿ ಎಂದು ನನ್ನ ಹತ್ತಿರ ಬರುತ್ತೀರಿ. ಎರಡನೆಯದೊಂದು ಡಿಸ್ಕ್ ತಗೊಳ್ಳಿ, ತಿಂಗಳಿಗೊಮ್ಮೆ ಕಾಪಿ ಮಾಡಿ, ಬೀರುವಿನಲ್ಲಿಡಿ. ತಂಗಿ ಮನೆಯ ಬೀರುವಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಒನ್‌ಡ್ರೈವ್ ಇದೆಯಲ್ಲ, ಡಿಸ್ಕ್ ಯಾಕೆ?

ಅದು ಸಿಂಕ್, ಅಂದರೆ ನಿಮ್ಮ ಕಂಪ್ಯೂಟರನ್ನೂ ಮೈಕ್ರೋಸಾಫ್ಟ್‌ನ ಆನ್‌ಲೈನ್ ಜಾಗವನ್ನೂ ಒಂದೇ ಥರ ಇಡುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದರ ಕಸದಬುಟ್ಟಿಯಲ್ಲಿ 30 ದಿನ ಇರುತ್ತದೆ ಅಷ್ಟೇ. ಪುಕ್ಕಟೆ ಸಿಗುವುದೂ 5 ಜಿಬಿ. ಇರಲಿ, ಡಿಸ್ಕಿನ ಬದಲಿಗೆ ಅಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ 600 ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಬಂದಿದೆ. ಬ್ಯಾಕಪ್‌ಗೆ ಆಗುತ್ತಾ?

ನಕಲಿ. ಒಳಗಿರುವ ಅಷ್ಟಿಷ್ಟು ಜಾಗ ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತದೆ. ಫೈಲಿನ ಹೆಸರು ಕಾಣುತ್ತದೆ, ಫೈಲ್ ತೆರೆಯುವುದಿಲ್ಲ.

ಪ್ರಶ್ನೆ: ಡಿಸ್ಕ್ ಚುಚ್ಚಿದರೆ 'ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳುತ್ತಿದೆ, ಟಕ್ ಟಕ್ ಸದ್ದೂ ಬರುತ್ತಿದೆ. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದಂತೆ, ಹೌದೇ?

'ಕ್ಯಾನ್ಸಲ್' ಒತ್ತಿ. ಬೇರೆ ಕೇಬಲ್, ಬೇರೆ ಪೋರ್ಟ್ ಒಂದೇ ಒಂದು ಸಲ ನೋಡಿ. ಸದ್ದು ನಿಲ್ಲದಿದ್ದರೆ ಕಿತ್ತಿಡಿ, ದೋಷ ತಿದ್ದುತ್ತೇನೆಂದು ವಿಂಡೋಸ್‌ನ ಚೆಕ್ ಡಿಸ್ಕ್ ಓಡಿಸುವ ಸಾಹಸವೂ ಬೇಡ. ಅದರಲ್ಲಿರುವುದು ಬೇರೆಲ್ಲೂ ಇಲ್ಲದ್ದಾದರೆ ಡೇಟಾ ರಿಕವರಿ ಮಾಡುವವರಿಗೇ ಕೊಡಿ, ಮೊದಲೇ ರೇಟ್ ಕೇಳಿಕೊಂಡು. ಫ್ರೀಜರ್‌ನಲ್ಲಿ ಇಟ್ಟು ತೆಗೆದರೆ ಒಳಗೆ ತೇವ ಕೂರುತ್ತದೆ, ಆಮೇಲೆ ಅವರ ಕೈಯಲ್ಲೂ ಆಗುವುದಿಲ್ಲ.