ಕೌದಿಯ ನಡುಪದರ ಎಲ್ಲಿ ಹೋಯಿತು?

ಮಾನ್ಯರೇ,

ನಮಸ್ಕಾರ. ‘ಕೌದಿಯ ಮೇಲೆ ಹಳೇಬೀಡು’ ಎಂಬ ನಿಮ್ಮ ಲೇಖನವೂ ಅದರೊಂದಿಗೆ ಕಳುಹಿಸಿದ ಛಾಯಾಚಿತ್ರಗಳೂ ತಲುಪಿವೆ. ಹಳೆಯ ಹತ್ತಿ ಸೀರೆಗಳ ತುಂಡುಗಳನ್ನು ಕೂಡಿಸಿ, ಅದರ ಮೇಲೆ ಹೊಯ್ಸಳೇಶ್ವರ ದೇವಾಲಯದ ಆನೆ, ಸಿಂಹ, ಕುದುರೆಗಳ ಸಾಲುಗಳನ್ನು ಕಸೂತಿಯಲ್ಲಿ ಮೂಡಿಸಿ, ಗೋಡೆಗೆ ತೂಗುಹಾಕುವ ಕಲಾಕೌದಿಯೊಂದನ್ನು ನೀವು ಮಾಡಿದ ಬಗೆಯನ್ನು ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ, ಬಣ್ಣಗಳ ಆಯ್ಕೆಯ ಭಾಗ ಓದಿಸಿಕೊಂಡು ಹೋಗುತ್ತದೆ. ಆದರೂ ಈಗಿರುವ ರೂಪದಲ್ಲಿ ಲೇಖನವನ್ನು ಪ್ರಕಟಿಸಲಾರೆ. ವಿಷಾದದ ಎರಡು ಸಾಲು ಬರೆದು ಹಿಂದಿರುಗಿಸಲು ಮನಸ್ಸು ಒಪ್ಪಲಿಲ್ಲ. ನಮ್ಮ ಜಿಲ್ಲೆಯ ಕಲ್ಲನ್ನು ನಮ್ಮ ಜಿಲ್ಲೆಯವರೇ ಸೂಜಿಯಿಂದ ಬಟ್ಟೆಗಿಳಿಸಿದ ಕೆಲಸ ಇದು. ಅಂಥ ಕೆಲಸ ಮಾಡಿದ ಕೈ ಬರೆಯುವಾಗ ಅದನ್ನೇ ಮರೆಮಾಡಿದ್ದು ನನ್ನನ್ನು ನಿಜಕ್ಕೂ ಕಾಡಿತು.

ನನ್ನನ್ನು ತಡೆದು ನಿಲ್ಲಿಸಿದ ವಾಕ್ಯ ನಾಲ್ಕನೆಯ ಪುಟದಲ್ಲಿದೆ: “ನಂತರ ಮೂರೂ ಪದರಗಳನ್ನು ಜೋಡಿಸಿ, ಅಂದವಾಗಿ ಹೊಲಿದು, ಕೌದಿಯನ್ನು ಪೂರ್ಣಗೊಳಿಸಲಾಯಿತು.” ಕೌದಿ ಎಂದರೆ ಮೇಲ್ಪದರ, ನಡುಪದರ, ಅಡಿಪದರ ಮತ್ತು ಆ ಮೂರನ್ನೂ ಹಿಡಿದಿಡುವ ಹೊಲಿಗೆ. ಈ ವಾಕ್ಯದವರೆಗೆ ನೀವು ವಿವರಿಸಿದ್ದು ಕಸೂತಿ ಹಾಕಿದ ಒಂದು ಬಟ್ಟೆಯನ್ನು ಮಾತ್ರ. ಅದು ಕೌದಿಯಾಗುವ ಕೆಲಸವೆಲ್ಲ ಈ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ.

ಪದ ಪದವಾಗಿ ನೋಡೋಣ. ‘ನಂತರ’ ಎಂದರೆ ಯಾವುದರ ನಂತರ? ಕಸೂತಿ ಪೂರ್ತಿ ಮುಗಿದ ಮೇಲೆ ಎಂದು ಓದುಗರು ತಿಳಿಯುತ್ತಾರೆ. ಆದರೆ ಕೌದಿಯ ಹಿಂಬದಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಆನೆಗಳ ಸರಪಳಿ ಹೊಲಿಗೆ ಹಿಂಬದಿಯಲ್ಲಿ ಎಲ್ಲೂ ಇಲ್ಲ. ಅವುಗಳ ಸುತ್ತ ಓಡಿದ ಸಾದಾ ಹೊಲಿಗೆ ಮಾತ್ರ ಕಾಣುತ್ತದೆ. ಕುದುರೆಗಳ ಲಗಾಮಾದರೋ ಕೆಂಪು ನೂಲಿನಲ್ಲಿ ಅಡಿಪದರದ ಮೇಲೂ ಮೂಡಿದೆ. ಅಂದರೆ ಆನೆಗಳನ್ನು ಒಂಟಿ ಬಟ್ಟೆಯ ಮೇಲೆ ಮೊದಲೇ ಹಾಕಿಕೊಂಡಿದ್ದೀರಿ, ಲಗಾಮನ್ನು ಪದರಗಳನ್ನು ಕೂಡಿಸಿದ ಮೇಲೆ ಹಾಕಿದ್ದೀರಿ. ನಡುವೆ ಎಲ್ಲೋ ನಿಮ್ಮ ಮನಸ್ಸು ಬದಲಾಗಿದೆ. ಏಕೆ ಬದಲಾಯಿತು ಎಂಬುದೇ ನಾನು ಓದಲು ಕಾದಿದ್ದ ಲೇಖನ.

‘ಜೋಡಿಸಿ’ ಎಂದಿದ್ದೀರಿ. ಎಲ್ಲಿ ಹಾಸಿ ಜೋಡಿಸಿದಿರಿ, ನೆಲದ ಮೇಲೋ, ಮಂಚದ ಮೇಲೋ? ನಡುವೆ ಇಟ್ಟದ್ದು ಹಳೆಯ ಸೀರೆಯೋ, ಹಳೆಯ ಹೊದಿಕೆಯೋ, ಅಂಗಡಿಯಲ್ಲಿ ಸಿಗುವ ಹತ್ತಿಯ ಹಾಳೆಯೋ? ಹತ್ತಿಯ ಹಾಳೆಯಾದರೆ ಹೊಲಿಗೆಯ ಸಾಲುಗಳು ತೀರ ದೂರವಿದ್ದಲ್ಲಿ ಅದು ಸರಿದು ಗಂಟುಗಟ್ಟುತ್ತದೆ. ಸೀರೆಯಾದರೆ ಸರಿಯುವುದಿಲ್ಲ, ಆದರೆ ಉಬ್ಬೂ ಅಷ್ಟಾಗಿ ಬರುವುದಿಲ್ಲ. ಪದರಗಳು ಜಾರದಂತೆ ಮೊದಲು ಕಚ್ಚಾ ಹೊಲಿಗೆ ಹಾಕಿದಿರೋ, ಪಿನ್ನು ಚುಚ್ಚಿದಿರೋ? ಇದನ್ನು ಓದಿ ತಾವೂ ಒಂದು ಕೌದಿ ಮಾಡುತ್ತೇವೆ ಎಂದು ಹೊರಡುವ ಓದುಗರಿಗೆ ಬೇಕಾದದ್ದು ಇದು.

‘ಅಂದವಾಗಿ ಹೊಲಿದು.’ ಈ ‘ಅಂದವಾಗಿ’ ನನಗೆ ತೀರ ಬೇಸರ ತಂದ ಪದ. ಒತ್ತಾಗಿ ಕಸೂತಿ ಹಾಕಿದ ಜಾಗದಲ್ಲಿ ಬಟ್ಟೆ ಬಿಗಿದುಕೊಂಡು ದಪ್ಪವಾಗಿರುತ್ತದೆ, ಅದರ ಸುತ್ತಲಿನ ಬಟ್ಟೆ ಸಡಿಲವಾಗಿರುತ್ತದೆ. ಮೂರು ಪದರ ಸೇರಿಸಿ ಹೊಲಿಯುತ್ತ ಹೋದಂತೆ ಆ ಸಡಿಲು ಎಲ್ಲಿಗೋ ಒಂದೆಡೆಗೆ ಹೋಗಲೇಬೇಕು. ಅದಕ್ಕಾಗಿಯೇ ಕೆಲವರು ನಡುವಿನಿಂದ ಹೊರಕ್ಕೆ ಹೊಲಿಯುತ್ತ ಹೋಗಿ ಸಡಿಲನ್ನು ಅಂಚಿಗೆ ತಳ್ಳುತ್ತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಕಡೆಯ ಸಿದ್ದಿ ಸಮುದಾಯದ ಹೆಂಗಸರು ಇದಕ್ಕೆ ತದ್ವಿರುದ್ಧವಾಗಿ ಅಂಚಿನಿಂದ ಶುರುಮಾಡಿ, ತುಂಡುಗಳನ್ನು ಇಡುತ್ತಲೇ ಸುತ್ತಿ ಸುತ್ತಿ ಒಳಕ್ಕೆ ಹೊಲಿದುಕೊಂಡು ನಡುವಿಗೆ ಬರುತ್ತಾರೆ; ಅವರ ಕೌದಿ ಸಮತಟ್ಟಾಗಿ ಕೂರುವುದು, ಬಟ್ಟೆಯ ಸಡಿಲನ್ನು ಕೈ ಆಗಿಂದಾಗಲೇ ಸರಿಪಡಿಸಿಕೊಳ್ಳುತ್ತ ಹೋಗುವುದರಿಂದ. ನಿಮ್ಮ ಚಿತ್ರದಲ್ಲಿ ಬಲ ಅಂಚು, ಸಿಂಹಗಳ ಸಾಲಿನ ಪಕ್ಕ, ಅಲೆಯಂತೆ ತುಸು ಎದ್ದಿದೆ. ಅದನ್ನು ಕುಂದೆಂದು ಹೇಳುತ್ತಿಲ್ಲ. ಯಾವ ದಿಕ್ಕಿನಿಂದ ಹೊಲಿದಿದ್ದಕ್ಕೆ ಅದು ಹಾಗೆ ಎದ್ದಿತು, ಆಗ ಬಿಚ್ಚಿದಿರೋ ಬಿಟ್ಟಿರೋ ಎಂದು ಬರೆಯಬಹುದಿತ್ತು. ‘ಅಂದವಾಗಿ’ ಎಂಬ ಒಂದು ಪದ ಬಂದು ಅಷ್ಟನ್ನೂ ಮುಚ್ಚಿಬಿಟ್ಟಿತು.

ಕೊನೆಗೆ, ‘ಪೂರ್ಣಗೊಳಿಸಲಾಯಿತು’. ಯಾರಿಂದ? ಹೊಲಿದವರು ನೀವು. ‘ಹೊಲಿದೆ’ ಎನ್ನಿ.

ನಾನು ಕೆಲಸ ಕಲಿತದ್ದು ಹಾಸನದ ಒಂದು ಸಣ್ಣ ಮುದ್ರಣಾಲಯದಲ್ಲಿ. ಅಲ್ಲಿಂದ ಹೊರಡುತ್ತಿದ್ದ ವಾರಪತ್ರಿಕೆಯ ಸಂಪಾದಕರಿಗೆ ಒಂದು ನಿಯಮವಿತ್ತು: ಯಾರ ಕೆಲಸದ ಬಗ್ಗೆ ಬರೆಯಬೇಕೋ ಅವರ ಪಕ್ಕದಲ್ಲಿ ಕುಳಿತು ಆ ಕೆಲಸಕ್ಕೆ ಕೈ ಹಾಕಿದ ಮೇಲೆಯೇ ಬರೆಯಬೇಕು. ಪುಸ್ತಕ ಕಟ್ಟುವವರ ಬಗ್ಗೆ ಬರೆಯಲು ಹೇಳಿದಾಗ ನನ್ನನ್ನು ಬೈಂಡಿಂಗ್ ಮಾಡುತ್ತಿದ್ದ ಹಿರಿಯರ ಬಳಿ ಕೂರಿಸಿದರು. ಮಡಚಿದ ಫಾರಂಗಳನ್ನು, ಎಂದರೆ ಅಚ್ಚಾದ ದೊಡ್ಡ ಹಾಳೆಗಳ ಮಡಿಕೆಗಳನ್ನು, ಒಂದರ ಮೇಲೊಂದಿಟ್ಟು ದಬ್ಬಣ ಇಳಿಸುವಾಗ ಅದು ನೆಟ್ಟಗೆ ಇಳಿಯಬೇಕು; ತುಸು ಓರೆಯಾದರೂ ಮೇಲೆ ಸಾಲಾಗಿ ಕಂಡ ತೂತುಗಳು ಕೆಳಗಿನ ಹಾಳೆಯಲ್ಲಿ ಅಡ್ಡಾದಿಡ್ಡಿಯಾಗಿರುತ್ತವೆ. ಅವರು ಮೇಲ್ಗಡೆ ನೋಡುತ್ತಲೇ ಇರಲಿಲ್ಲ, ಎಡಗೈ ಬೆರಳನ್ನು ಅಡಿಯಲ್ಲಿಟ್ಟು ಮೊನೆ ಎಲ್ಲಿ ಬಂತೆಂದು ಮುಟ್ಟಿ ತಿಳಿಯುತ್ತಿದ್ದರು. ಏನು ಬರೆಯಲಿ ಎಂದು ಕೇಳಿದ್ದಕ್ಕೆ, “ಮಳೆಗಾಲದಲ್ಲಿ ಅಂಟು ಒಣಗಲ್ಲ, ಅದನ್ನ ಮೊದಲು ಬರಿ. ಮಿಕ್ಕಿದ್ದು ಎಲ್ಲರಿಗೂ ಗೊತ್ತಿರೋದೇ” ಎಂದರು. ನನ್ನ ಬರಹ ಅದೇ ಮಾತಿನಿಂದ ಆರಂಭವಾಯಿತು. ಸಂಪಾದಕರು ಒಂದಕ್ಷರವನ್ನೂ ತಿದ್ದದೆ ಅಚ್ಚಿಗೆ ಕಳುಹಿಸಿದರು. ದಪ್ಪ ಕಸೂತಿಯ ಮಗ್ಗುಲಲ್ಲೇ ಮೂರು ಪದರ ಚುಚ್ಚುವಾಗ ನಿಮ್ಮ ಸೂಜಿಯೂ ಓರೆಯಾಗಿರುತ್ತದೆ, ನಿಮ್ಮ ಬೆರಳೂ ಅಡಿಯಲ್ಲಿ ಅದನ್ನು ಕಾದಿರುತ್ತದೆ. ಆ ಬೆರಳಿಗೆ ತಿಳಿದದ್ದು ನಿಮ್ಮ ಲೇಖನಕ್ಕೆ ಏಕೆ ಬರಲಿಲ್ಲ?

ಇನ್ನೊಂದು ವಾಕ್ಯ: “ಹಳೇಬೀಡಿನ ಗೋಡೆಯನ್ನು ಇದ್ದದ್ದು ಇದ್ದ ಹಾಗೆಯೇ ಬಟ್ಟೆಯ ಮೇಲೆ ಇಳಿಸಿದ್ದೇನೆ.” ಇದು ನಿಜವಲ್ಲ. ಅಲ್ಲಿಯ ಗೋಡೆಯ ಬುಡದಲ್ಲಿ ಮೊದಲು ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಮೇಲೆ ಬಳ್ಳಿಯ ಸುರುಳಿ, ಆಮೇಲೆ ಕುದುರೆ ಸವಾರರು. ನಿಮ್ಮ ಕೌದಿಯಲ್ಲಿ ಕುದುರೆಗಳು ಕೆಳಗಿವೆ, ಆನೆಗಳು ಎಲ್ಲಕ್ಕಿಂತ ಮೇಲಿವೆ. ಬದಲಾಯಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಬಹುಶಃ ಅದೇ ಸರಿ. ಕಲ್ಲಿನ ಗೋಡೆಯ ಭಾರ ಬುಡಕ್ಕೆ ಇಳಿಯುತ್ತದೆ, ಆದ್ದರಿಂದ ಅಲ್ಲಿ ಆನೆ ಹೊತ್ತು ನಿಂತಿದೆ. ತೂಗುಹಾಕಿದ ಬಟ್ಟೆಯ ಭಾರವೆಲ್ಲ ಮೇಲಂಚಿನಿಂದ ಜೋಲುತ್ತದೆ. ಆನೆಗಳಂಥ ಒತ್ತು ಕಸೂತಿ ಕೆಳಗಿದ್ದರೆ ಅದು ಮೇಲಿನ ಹಗುರ ಬಟ್ಟೆಯನ್ನು ಜಗ್ಗುತ್ತದೆ. ಇದನ್ನು ಯೋಚಿಸಿ ಮಾಡಿದಿರೋ, ಕೆಳಗಿನ ಸೀರೆಯ ಪಟ್ಟಿ ಆನೆಗಳಿಗೆ ಸಾಲದೆ ಹೋಯಿತೋ, ಅಥವಾ ಆನೆಗಳು ಕಣ್ಣ ಮಟ್ಟದಲ್ಲಿರಲಿ ಎನ್ನಿಸಿತೋ ನನಗೆ ತಿಳಿಯದು. ಯಾವುದಾದರೂ ಸರಿ, ವಿನ್ಯಾಸ ಮಾಡುವುದೆಂದರೆ ಅಂಥ ತೀರ್ಮಾನಗಳೇ. ಕಾಗದದ ಮೇಲೆ ಬರೆದುಕೊಂಡ ಮೊದಲ ನಕ್ಷೆ ನಿಮ್ಮ ಬಳಿ ಉಳಿದಿದ್ದರೆ ಅದನ್ನೂ ಕಳುಹಿಸಿ. ಕೌದಿಯ ಪಕ್ಕದಲ್ಲಿ ಅಚ್ಚು ಹಾಕುತ್ತೇವೆ.

ಉಳಿದ ಭಾಗಗಳ ಬಗ್ಗೆ ನಾನು ಹೆಚ್ಚೇನೂ ಹೇಳುವುದಿಲ್ಲ. ಈ ಎರಡು ಕಡೆ ನೀವು ಕೈಯಿಟ್ಟರೆ ಅವು ತಾವಾಗಿಯೇ ಬದಲಾಗುತ್ತವೆ. ಜಾಗದ ಚಿಂತೆ ಬೇಡ. ಹೊಯ್ಸಳರ ವೈಭವವನ್ನು ಕೊಂಡಾಡುವ ಮೊದಲ ಎರಡು ಪುಟಗಳನ್ನು ತೆಗೆದುಬಿಡಿ. ಹಳೇಬೀಡಿನದೂ ಸೇರಿದಂತೆ ಹೊಯ್ಸಳರ ಮೂರು ದೇವಾಲಯಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ನಮ್ಮ ಓದುಗರಿಗೆ ಗೊತ್ತು. ಆ ಎರಡು ಪುಟಗಳನ್ನು ನಡುಪದರಕ್ಕೂ ಲಗಾಮಿನ ಕೆಂಪು ನೂಲಿಗೂ ಕೊಟ್ಟು ಲೇಖನವನ್ನು ಮತ್ತೆ ಕಳುಹಿಸಿ.

ಇತಿ,
ಸಂಪಾದಕ